ಲಾನ್ ಹಳದಿಯಾಗ್ತಿದೆಯಾ? ಕೆಳಗೆ ಏನಿದೆ ನೋಡಿ!

ದಿನಾ ನೀರು ಬಿಟ್ಟರೂ
ಹೊಸ ಮನೆ ಮುಂದಿನ ಲಾನ್
ಅಲ್ಲಲ್ಲಿ ಒಣಗ್ತಿದೆಯಾ?

ಆ ಜಾಗದಲ್ಲಿ ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ.
ಎರಡು ಇಂಚಿಗೇ ಟಕ್ ಅಂತ ನಿಂತುಬಿಡ್ತಾ?
ಕೆಳಗಿರೋದು ಬಹುಶಃ ಮಣ್ಣಲ್ಲ,
ಮನೆ ಕಟ್ಟಿದಾಗ ಹೂತ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ.

ಕಾದ ಕಾವಲಿ ಮೇಲೆ ಒದ್ದೆ ಬಟ್ಟೆ ಹಾಸಿದ ಹಾಗೆ,
ಮೇಲಿನ ತೆಳು ಮಣ್ಣು ಬೇಗ ಒಣಗುತ್ತೆ.
ಬೇರಿಗೆ ಇಳಿಯೋಕೆ ದಾರಿನೇ ಇಲ್ಲ!
ಸಿಮೆಂಟಿನ ಸುಣ್ಣ ಬೇರೆ,
ಹುಲ್ಲಿಗೆ ಕಬ್ಬಿಣದಂಶ ಸಿಗದ ಹಾಗೆ ಮಾಡುತ್ತೆ.

ದಯವಿಟ್ಟು ಮೇಲೆ ಯೂರಿಯಾ ಚೆಲ್ಲಬೇಡಿ.
ಮಳೆಗಾಲ ಶುರುವಾಗೋ ಹೊತ್ತಿಗೆ
ಆ ಜಾಗ ಮಾತ್ರ ಒಂದಡಿ ಅಗೀರಿ.
ದೊಡ್ಡ ಚೂರು ಆರಿಸಿ ತೆಗೀರಿ.
ಸಣ್ಣ ಕಲ್ಲು ಇದ್ದರೆ ಇರಲಿ, ನೀರು ಬಸಿಯುತ್ತೆ.

ಮೂರು ಪಾಲು ಕೆಮ್ಮಣ್ಣು,
ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ.
ಬೆರೆಸಿ ತುಂಬಿ, ನೀರು ಬಿಟ್ಟು ಕೂರಿಸಿ.
ಆಮೇಲೆ ಗರಿಕೆ ತುಂಡು ನೆಡಿ,
ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ತಾನೇ ಹಬ್ಬುತ್ತೆ.