ಲಡಾಖದ ಚಳಿಯೂ ಬುಖಾರಿಯ ಬೆಂಕಿಯೂ

ಶಿವರಾತ್ರಿ ಬಂದಿತೆಂದರೆ ಚಳಿಯು ಶಿವ ಶಿವಾ ಎಂದು ಓಡಿಹೋಗುವದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬೀದರ, ವಿಜಯಪುರಗಳಲ್ಲಿ ಉಷ್ಣಮಾನವು 10 ಅಂಶಗಳಿಗಿಂತ ಕೆಳಗಿಳಿದರೆ ನಾವು ಅದನ್ನು ದೊಡ್ಡ ವಾರ್ತೆಯೆಂದು ಅಚ್ಚು ಹಾಕುತ್ತೇವೆ. ವಾಚಕರು ಕಂಬಳಿ ಹೊದ್ದುಕೊಂಡು ಅದನ್ನು ಓದುತ್ತಾರೆ. ಒಂದು ಹೊದಿಕೆ, ಒಂದು ಲೋಟ ಬಿಸಿ ಕಾಫಿ, ಇಷ್ಟರಿಂದ ನಮ್ಮ ಚಳಿಯ ಪ್ರಶ್ನೆಯು ಬಗೆಹರಿಯುವದು. ಆದರೆ ಇದೇ ಭಾರತದ ಉತ್ತರದ ಅಂಚಿನಲ್ಲಿರುವ ಲಡಾಖದಲ್ಲಿ ಚಳಿಯು ಪ್ರಾಣದ ಪ್ರಶ್ನೆಯಾಗಿದೆ. ಲೇಹ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು 11,500 ಅಡಿ ಎತ್ತರದಲ್ಲಿದೆ. ಪುಷ್ಯ ಮಾಘಗಳ ರಾತ್ರಿಗಳಲ್ಲಿ ಅಲ್ಲಿಯ ಉಷ್ಣಮಾನವು ಶೂನ್ಯಕ್ಕಿಂತ 15, 20 ಅಂಶ ಕೆಳಗಿಳಿಯುವದು ವಿಶೇಷವಲ್ಲ. ಜೋಜಿಲಾ ಘಟ್ಟದ ಆಚೆಗಿರುವ ದ್ರಾಸವಂತೂ ಇದಕ್ಕಿಂತಲೂ ಕಠಿಣವಾದ ಊರು. ಅಂಥಲ್ಲಿ ಮನೆಯ ಒಲೆ ಆರಿತೆಂದರೆ ಕೊಡದ ನೀರು ಕಲ್ಲಾಗುವದು. ಶಿಶುಗಳೂ ವೃದ್ಧರೂ ಬೆಳಗು ಕಾಣುವರೆಂಬ ಭರವಸೆಯಿಲ್ಲ.

ದೂರದ ಲಡಾಖದ ಒಲೆಗೂ ನಮಗೂ ಏನು ಸಂಬಂಧವೆಂದು ಕೇಳುವವರುಂಟು. 2016ನೆಯ ಇಸವಿಯ ಫೆಬ್ರುವರಿ 3ರಂದು ಸಿಯಾಚಿನದಲ್ಲಿ 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮರಾಶಿಯು ಕುಸಿದು ಹತ್ತು ಮಂದಿ ಯೋಧರು ಹೂತುಹೋದದ್ದನ್ನೂ, ಅವರಲ್ಲೊಬ್ಬನಾದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಎಂಬ ವೀರನು ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದುಕೊಂಡಿದ್ದು, ಹೊರತೆಗೆದ ಮೇಲೆ ಫೆಬ್ರುವರಿ 11ರಂದು ದಿಲ್ಲಿಯಲ್ಲಿ ಅಸುನೀಗಿದ್ದನ್ನೂ ಕನ್ನಡಿಗರು ಮರೆತಿರಲಾರರು. ನಮ್ಮ ತಾಯಂದಿರ ಮಕ್ಕಳು ಕಾಯುತ್ತಿರುವ ಆ ನೆಲದಲ್ಲಿ ಮನುಷ್ಯನು ಚಳಿಯೊಡನೆ ಹೇಗೆ ಬಾಳುತ್ತಾನೆಂಬದನ್ನು ಅರಿಯುವದು ನಮಗೆ ಕೇವಲ ಕುತೂಹಲದ ವಿಷಯವಾಗಲಾರದು.

ಲಡಾಖದ ಮನೆಯು ಚಳಿಗಾಗಿಯೇ ಹುಟ್ಟಿದ ಮನೆ. ದಪ್ಪನಾದ ಮಣ್ಣಿಟ್ಟಿಗೆಯ ಗೋಡೆ, ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿ, ಕೆಳಗೆ ದನಕುರಿಗಳ ಕೊಟ್ಟಿಗೆ, ಮೇಲೆ ಜನರ ವಾಸ. ಚಳಿಗಾಲದಲ್ಲಿ ಮನೆಯವರೆಲ್ಲರೂ ಬೇರೆ ಕೋಣೆಗಳನ್ನು ಬಿಟ್ಟು ಒಲೆಯಿರುವ ಒಂದೇ ಅಡಿಗೆಮನೆಯಲ್ಲಿ ಸೇರುತ್ತಾರೆ. ಸೌದೆಯೂ ಬೆರಣಿಯೂ ಮಾಳಿಗೆಯ ಅಂಚಿನಲ್ಲಿ ಒಪ್ಪವಾಗಿ ಒಟ್ಟಿಕೊಂಡಿರುವವು. ಪಟ್ಟಣಗಳಲ್ಲಿಯೂ ಠಾಣ್ಯಗಳಲ್ಲಿಯೂ ಈಗ ಹೆಚ್ಚಾಗಿ ಕಾಣುವದು ಬುಖಾರಿ. ಇದು ಕಬ್ಬಿಣದ ತಗಡಿನ ಒಂದು ಡಬ್ಬಿ. ಬಾಗಿಲಿನಿಂದ ಸೌದೆ ಹಾಕಬೇಕು, ಬುಡದಿಂದ ಗಾಳಿ ಒಳಸೇರುವದು, ಹೊಗೆಯು ಕೊಳವೆಯ ಮೂಲಕ ಮಾಳಿಗೆಯ ಮೇಲೆ ಹೋಗುವದು.

ತೆರೆದ ಅಗ್ಗಿಷ್ಟಿಕೆಗಿಂತ ಈ ಡಬ್ಬಿಯು ಏಕೆ ಮೇಲೆಂಬದಕ್ಕೆ ಕಾರಣವುಂಟು. ಗೋಡೆಯೊಳಗಿನ ತೆರೆದ ಒಲೆಯ ಶಾಖದ ಬಹುಭಾಗವು ಹೊಗೆಯೊಡನೆ ಆಕಾಶದ ಪಾಲಾಗುವದಲ್ಲದೆ, ಆ ಹೊಗೆಯು ಕೋಣೆಯ ಬಿಸಿ ಗಾಳಿಯನ್ನೂ ಎಳೆದುಕೊಂಡು ಹೋಗುವದು. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್‌ನು 1740ರ ದಶಕದಲ್ಲಿ ಇದನ್ನರಿತು ಕಬ್ಬಿಣದ ಒಲೆಯೊಂದನ್ನು ಕಲ್ಪಿಸಿದನು. ಜನೋಪಯೋಗಿಯಾದ ಯುಕ್ತಿಯಿಂದ ತಾನೊಬ್ಬನೇ ಲಾಭ ಪಡೆಯಬಾರದೆಂದು ಅದಕ್ಕೆ ಸರಕಾರದ ಸನದನ್ನೂ ಬೇಡವೆಂದನು. ಕಬ್ಬಿಣವು ಕಾದು ತನ್ನ ಸುತ್ತಲೆಲ್ಲ ಶಾಖವನ್ನು ಬೀರುವದು. ಕೊಳವೆಯು ಸಹ ಕೋಣೆಯೊಳಗೆ ಒಂದಿಷ್ಟು ದೂರ ಹಾದುಹೋಗುವಾಗ ಶಾಖವನ್ನು ಬಿಟ್ಟುಕೊಡುವದು.

ಆದರೆ ಒಲೆಯು ಎಷ್ಟು ಒಳ್ಳೆಯದಾದರೂ ಹಸಿ ಸೌದೆಗೆ ಔಷಧವಿಲ್ಲ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧವು ನೀರೇ. ಒಂದು ಸೇರು ನೀರು ಆವಿಯಾಗುವದಕ್ಕೆ ವ್ಯಯವಾಗುವ ಶಾಖವು, ಅಷ್ಟೇ ನೀರನ್ನು ಮಂಜುಗಡ್ಡೆಯಷ್ಟು ತಂಪಿನಿಂದ ಕುದಿಯುವ ತನಕ ಕಾಯಿಸುವ ಶಾಖದ ಐದು ಪಟ್ಟಿಗಿಂತ ಹೆಚ್ಚು. ಅಂದರೆ ಹಸಿ ಸೌದೆ ಉರಿಸುವವನು ಮನೆಯನ್ನಲ್ಲ, ಸೌದೆಯೊಳಗಿನ ನೀರನ್ನು ಕಾಯಿಸುತ್ತಿದ್ದಾನೆಂದಾಯಿತು. ಅದರ ಹೊಗೆಯು ಕೊಳವೆಯೊಳಗೆ ಕೀಲಿನಂತೆ ಹೆಪ್ಪುಗಟ್ಟುವದು. ಒಂದು ದಿನ ಆ ಕೀಲಿಗೇ ಬೆಂಕಿ ಹತ್ತಿ ಮಾಳಿಗೆ ಸುಡುವದು. ಸೀಳಿದ ಸೌದೆಯನ್ನು ಒಂದು ಬೇಸಿಗೆಯಾದರೂ ಒಣಗಿಸಬೇಕು, ಕೊಳವೆಯನ್ನು ಆಗಾಗ ಗುಡಿಸಬೇಕು, ಅದರಲ್ಲಿ ಬಾಗುಗಳನ್ನು ಕಡಿಮೆ ಮಾಡಬೇಕು ಎಂಬ ಹಳಬರ ನಿಯಮಗಳೆಲ್ಲವೂ ಇದರಿಂದಲೇ ಹುಟ್ಟಿದವು.

ಇದಕ್ಕಿಂತ ಹೆಚ್ಚಿನ ಅಪಾಯವು ಕಣ್ಣಿಗೆ ಕಾಣದ್ದು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಹುಟ್ಟುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿಯ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಗಿಲಾಗಿ ಅದು ಅಂಟಿಕೊಳ್ಳುವದು. ತಲೆನೋವು, ಓಕರಿಕೆ, ಕೈಕಾಲುಗಳ ನಿಶ್ಶಕ್ತಿ, ಆಮೇಲೆ ನಿದ್ರೆ; ಆ ನಿದ್ರೆಯಿಂದ ಅನೇಕರು ಏಳುವದಿಲ್ಲ. ಲೇಹದ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಒತ್ತಡದ ಮೂರರಲ್ಲಿ ಎರಡು ಪಾಲಷ್ಟೇ ಇರುವದರಿಂದ ಉರಿಗೂ ಉಸಿರಿಗೂ ಮೊದಲೇ ಆಮ್ಲಜನಕವು ಕಡಿಮೆ. ಬೆಂಕಿ ಬೆಳಗಿನ ವರೆಗೆ ಉಳಿಯಲೆಂದು ರಾತ್ರಿ ಬುಖಾರಿಯ ಗಾಳಿಯ ಕಂಡಿಯನ್ನು ಪೂರ್ತಿ ಮುಚ್ಚುವದು, ಕೊಳವೆಯಿಲ್ಲದ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವದು, ಇವು ಸಾವನ್ನು ಮನೆಗೆ ಕರೆದಂತೆ. ಉತ್ತರ ಹಿಂದುಸ್ಥಾನದಿಂದ ಇಂಥ ದುರ್ವಾರ್ತೆಗಳು ಪ್ರತಿ ಚಳಿಗಾಲವೂ ಬರುತ್ತಲೇ ಇವೆ. ಉದ್ಯೋಗದ ನಿಮಿತ್ತ ಉತ್ತರಕ್ಕೆ ಹೋಗುವ ನಮ್ಮ ನೌಕರವರ್ಗದವರು, ಕೊಡಗು ಚಿಕ್ಕಮಗಳೂರುಗಳ ಬೆಟ್ಟದ ಬಂಗಲೆಗಳಲ್ಲಿ ತಂಗುವವರು, ಎಲ್ಲರೂ ಒಂದು ಮಾತನ್ನು ಗಂಟುಕಟ್ಟಿಕೊಳ್ಳತಕ್ಕದ್ದು: ಹೊಗೆಗೆ ದಾರಿಯಿಲ್ಲದ ಬೆಂಕಿಯನ್ನು ಮಲಗುವ ಕೋಣೆಯಲ್ಲಿ ಇಡಲಾಗದು.

ಇನ್ನು ಸೌದೆಯ ಪ್ರಶ್ನೆ. ಲಡಾಖದಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳೆರಡೂ ಕೂಡಿ ಸುಮಾರು ನಾಲ್ಕು ಅಂಗುಲ. ಕಾಡೆಂಬದು ಅಲ್ಲಿಲ್ಲ. ಹೊಳೆ ಕಾಲುವೆಗಳ ಪಕ್ಕದಲ್ಲಿ ಜನರು ನೆಟ್ಟು ಬೆಳೆಸಿದ ವಿಲೋ, ಪಾಪ್ಲರ್ ಮರಗಳೇ ಅವರ ವನಸಂಪತ್ತು. ಬೆಟ್ಟದ ಕುರುಚಲು ಗಿಡಗಳನ್ನು ಬೇರುಸಹಿತ ಕಿತ್ತು ಒಲೆಗೆ ಹಾಕಿದ್ದರಿಂದ ಎಷ್ಟೋ ಇಳಿಜಾರುಗಳು ಬೋಳಾದವು. ಆದುದರಿಂದ ಬಯಲುಸೀಮೆಯಿಂದ ಸೌದೆ, ಕಲ್ಲಿದ್ದಲು, ಸೀಮೆಎಣ್ಣೆಗಳನ್ನು ಘಟ್ಟ ಹತ್ತಿಸಿ ಒಯ್ಯಬೇಕಾಯಿತು. ಹಿಮ ಬಿದ್ದಾಗ ಜೋಜಿಲಾ ದಾರಿಯು ಮುಚ್ಚಿಹೋಗುವದರಿಂದ ಬೇಸಿಗೆಯಲ್ಲಿಯೇ ಚಳಿಗಾಲದ ಸಂಗ್ರಹ ಮುಗಿಯಬೇಕು. ಸಾಗಣೆಯ ವೆಚ್ಚವನ್ನು ದೇಶವು ಹೊರುತ್ತದೆ, ಹೊಗೆಯನ್ನು ಅಲ್ಲಿಯ ಹೆಂಗಸರೂ ಮಕ್ಕಳೂ ನುಂಗುತ್ತಾರೆ. ಹೀಗೆ ಎಷ್ಟು ಕಾಲ ನಡೆಯಬೇಕು?

ಉಪಾಯವು ಆ ನಾಡಿನಲ್ಲಿಯೇ ಇದೆ. ಮಳೆಯನ್ನು ಕೊಡದ ಆ ಆಕಾಶವು ಬಿಸಿಲನ್ನು ಧಾರಾಳವಾಗಿ ಕೊಟ್ಟಿದೆ. ದಕ್ಷಿಣದ ಗೋಡೆಗೆ ಕಪ್ಪು ಬಳಿದು, ಅದರ ಮುಂದೆ ಸ್ವಲ್ಪ ತೆರಪು ಬಿಟ್ಟು ಗಾಜು ಹೊದಿಸಿದರೆ, ಹಗಲಿನ ಬಿಸಿಲನ್ನು ಕುಡಿದ ಗೋಡೆಯು ರಾತ್ರಿಯಲ್ಲಿ ಅದನ್ನು ಮೆಲ್ಲನೆ ಕೋಣೆಯೊಳಗೆ ಬಿಡುವದು. ಫ್ರಾನ್ಸ್ ದೇಶದ ಟ್ರಾಂಬ್ ಎಂಬ ವಿಜ್ಞಾನಿಯ ಹೆಸರಿನ ಈ ಗೋಡೆಯು ಲಡಾಖದ ಮಣ್ಣಿಗೆ ಚೆನ್ನಾಗಿ ಒಗ್ಗಿದೆ. 1988ರಲ್ಲಿ ತರುಣರು ಕೂಡಿ ಕಟ್ಟಿದ ಸೆಕ್‌ಮೋಲ್ ಎಂಬ ಶಿಕ್ಷಣಸಂಸ್ಥೆಯು ಫೇ ಗ್ರಾಮದ ಹತ್ತಿರ ಕಟ್ಟಿರುವ ಮಣ್ಣಿನ ಮನೆಗಳಲ್ಲಿ, ಹೊರಗೆ ನೀರು ಹೆಪ್ಪುಗಟ್ಟಿರುವಾಗಲೂ ವಿದ್ಯಾರ್ಥಿಗಳು ಒಲೆಯಿಲ್ಲದೆ ಬೆಚ್ಚಗೆ ಕುಳಿತು ಓದುತ್ತಾರೆ. ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸೋನಮ್ ವಾಂಗ್‌ಚುಕ್ ಅವರು 2021ರಲ್ಲಿ ಯೋಧರಿಗಾಗಿ ಬಿಸಿಲಿನಿಂದಲೇ ಬೆಚ್ಚಗಾಗುವ ಗುಡಾರವೊಂದನ್ನು ರಚಿಸಿ ತೋರಿಸಿದರು.

ಹಾಗೆಂದು ನಾವು ಬುಖಾರಿಯನ್ನು ಹಳಿಯುವದಿಲ್ಲ. ಮೋಡ ಕವಿದ ವಾರದಲ್ಲಿ, ಮಗು ಕೆಮ್ಮುವ ರಾತ್ರಿಯಲ್ಲಿ ಅದೇ ಗತಿ. ನಾವು ಹೇಳತಕ್ಕದ್ದಿಷ್ಟೇ: ಮೊದಲು ಮನೆ, ಆಮೇಲೆ ಒಲೆ. ಸೀಳುಬಿಟ್ಟ ಕಿಟಕಿ, ತೆಳುವಾದ ಸಿಮೆಂಟಿನ ಗೋಡೆಗಳ ಮನೆಯಲ್ಲಿ ಎಷ್ಟು ಸೌದೆ ಸುಟ್ಟರೂ ತೂತಿನ ಕೊಡಕ್ಕೆ ನೀರು ತುಂಬಿದಂತಾಗುವದು. 2019ರ ಅಕ್ಟೋಬರ 31ರಿಂದ ಲಡಾಖವು ಕೇಂದ್ರ ಸರಕಾರದ ನೇರ ಆಡಳಿತಕ್ಕೆ ಒಳಪಟ್ಟಿರುವದರಿಂದ ಹೊಣೆಯು ಯಾರದೆಂಬ ವಿಷಯದಲ್ಲಿ ಸಂದೇಹವಿಲ್ಲ. ಅಲ್ಲಿ ಹೊಸದಾಗಿ ಏಳುವ ಶಾಲೆ, ದವಾಖಾನೆ, ಕಚೇರಿಗಳೆಲ್ಲ ಸೂರ್ಯನಿಗೆ ಮುಖ ಮಾಡಿ, ದಪ್ಪ ಗೋಡೆಗಳಿಂದ ಏಳಲಿ. ಬಡವನ ಮನೆಯ ದಕ್ಷಿಣದ ಗೋಡೆಗೆ ಗಾಜು ಹೊದಿಸುವದಕ್ಕೆ ಧನಸಹಾಯ ದೊರೆಯಲಿ. ಉರಿಯುವ ಪ್ರತಿಯೊಂದು ಬುಖಾರಿಗೂ ನೆಟ್ಟಗಿನ ಕೊಳವೆಯಿರಲಿ. ಗಡಿಯ ಗ್ರಾಮಗಳಲ್ಲಿ ಒಲೆ ಉರಿಯುತ್ತಿದ್ದರೆ ಮಾತ್ರ ಅಲ್ಲಿ ಜನರಿರುತ್ತಾರೆ. ಜನರಿದ್ದರೆ ಮಾತ್ರ ಅದು ಬದುಕಿರುವ ಗಡಿ. ಬೆಚ್ಚಗೆ ಕುಳಿತು ಈ ಪತ್ರಿಕೆಯನ್ನೋದುವ ನಾವು ಆ ಒಲೆಯ ಚಿಂತೆಯಲ್ಲಿ ಪಾಲುಗೊಳ್ಳುವದು ಕರ್ತವ್ಯವಾಗಿದೆ.