ಕಾಫಿ ತೋಟದ ಮಣ್ಣುದಾರಿಯಲ್ಲಿ ತುರ್ತುಚಿಕಿತ್ಸೆ

ಕ್ರೀಡಾಪಟುಗಳ ತುರ್ತುಚಿಕಿತ್ಸೆ ಎಂದೊಡನೆ ಕ್ರೀಡಾಂಗಣದ ಅಂಚಿನಲ್ಲಿ ಸ್ಟ್ರೆಚರ್ ಹಿಡಿದು ಕಾಯುವ ತಂಡ ನೆನಪಾಗುವುದು ಸಹಜವಾದರೂ, ಚಿಕ್ಕಮಗಳೂರು ಜಿಲ್ಲೆ ಕಂಡ ದೊಡ್ಡ ಅಂತರರಾಷ್ಟ್ರೀಯ ಕ್ರೀಡೆಗೆ ಕ್ರೀಡಾಂಗಣವೇ ಇರಲಿಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ನಡೆದಿದ್ದು, 2016ರಲ್ಲಿ ಆ ಪ್ರಶಸ್ತಿ ಗೆದ್ದ ಗೌರವ್ ಗಿಲ್ ಮತ್ತು ಅವರ ಆಸ್ಟ್ರೇಲಿಯಾದ ಸಹಚಾಲಕ ಗ್ಲೆನ್ ಮ್ಯಾಕ್‌ನೀಲ್ ಈ ದಾರಿಗಳಲ್ಲೇ ಕಾರು ಓಡಿಸಿದರು.

ರ್‍ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಸಾರ್ವಜನಿಕ ಸಂಚಾರಕ್ಕೆ ಮುಚ್ಚಿದ, ಸ್ಪೆಷಲ್ ಸ್ಟೇಜ್ ಎಂದು ಕರೆಯುವ ದಾರಿಯ ತುಣುಕುಗಳಲ್ಲಿ ಅವು ನಿಗದಿತ ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಆದುದರಿಂದ ತಿರುವಿನಲ್ಲಿ ಹತೋಟಿ ತಪ್ಪಿದ ಕಾರು ಸಿಲ್ವರ್ ಓಕ್ ಮರಕ್ಕೆ ಬಡಿದು ಕಾಫಿ ಗಿಡಗಳ ನಡುವೆ ಉರುಳಿದರೆ ಕಂಡವರು ಯಾರೂ ಇಲ್ಲದಿರಬಹುದು. ಇಲ್ಲಿ ಚಿಕಿತ್ಸೆಗಿಂತ ಮೊದಲು ಸುದ್ದಿ ಮುಟ್ಟಬೇಕು. ಅದಕ್ಕಾಗಿ ಪ್ರತಿ ಕಾರಿನಲ್ಲೂ ಒಂದು ಬದಿಗೆ ಕೆಂಪು ಎಸ್‌ಒಎಸ್, ಇನ್ನೊಂದು ಬದಿಗೆ ಹಸಿರು ಓಕೆ ಎಂದು ಬರೆದ ಫಲಕವಿರುತ್ತದೆ. ಕೆಂಪು ಫಲಕ ಕಂಡ, ಅಥವಾ ಜಖಂಗೊಂಡ ಕಾರಿನೊಳಗೆ ಇಬ್ಬರೂ ಕದಲದೆ ಕುಳಿತಿರುವುದನ್ನು ಕಂಡ ಹಿಂದಿನ ಚಾಲಕ ಸ್ಪರ್ಧೆಯನ್ನು ಬಿಟ್ಟು ನಿಲ್ಲಲೇಬೇಕು. ಅವನ ನಂತರ ಬಂದವನು ಮುಂದಿನ ರೇಡಿಯೊ ಕೇಂದ್ರಕ್ಕೆ ಹೋಗಿ ವಿಷಯ ತಿಳಿಸಬೇಕು. ಗೆಲ್ಲಲೆಂದೇ ಬಂದವನನ್ನು ಎದುರಾಳಿಯ ಪ್ರಾಣಕ್ಕಾಗಿ ನಿಲ್ಲಿಸುವ ಈ ನಿಯಮ ಕ್ರೀಡಾಲೋಕದ ಅತ್ಯಂತ ಮಾನವೀಯ ನಿಯಮಗಳಲ್ಲೊಂದು.

ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ ಸುರಕ್ಷಾ ನಿಯಮಗಳಂತೆ ಪ್ರತಿ ಸ್ಟೇಜಿನ ಆರಂಭದಲ್ಲಿ, ಉಸಿರು ಮತ್ತು ರಕ್ತಸಂಚಾರವನ್ನು ಉಳಿಸುವುದರಲ್ಲಿ ತರಬೇತಾದ ವೈದ್ಯರಿರುವ ವಾಹನ ಸಜ್ಜಾಗಿರಬೇಕು; ದಾರಿ ಉದ್ದವಾಗಿದ್ದರೆ ಇಂಥ ಎರಡು ನೆಲೆಗಳ ನಡುವೆ 15 ಕಿ.ಮೀ.ಗಿಂತ ಹೆಚ್ಚು ಅಂತರ ಇರಕೂಡದು. ವಾಹನವನ್ನು ಕೊನೆಯಲ್ಲಿ ನಿಲ್ಲಿಸದೆ ಆರಂಭದಲ್ಲಿ ನಿಲ್ಲಿಸುವುದಕ್ಕೆ ಕಾರಣ ಸರಳ: ಕಿರಿದಾದ ತೋಟದ ದಾರಿಯಲ್ಲಿ ಸ್ಪರ್ಧೆಯ ದಿಕ್ಕಿಗೆ ಎದುರಾಗಿ ಹೋಗುವ ಆಂಬುಲೆನ್ಸ್ ತಾನೇ ಇನ್ನೊಂದು ಅಪಘಾತಕ್ಕೆ ಕಾರಣವಾದೀತು.

ವೇಗದ ಕಾರು ಥಟ್ಟನೆ ನಿಂತಾಗ ಬೆಲ್ಟು ಎದೆಯನ್ನು ಹಿಡಿದಿಡುತ್ತದೆಯೇ ಹೊರತು ತಲೆಯನ್ನಲ್ಲ. ಹೆಲ್ಮೆಟ್ಟಿನ ಭಾರದೊಡನೆ ತಲೆ ಮುಂದಕ್ಕೆ ಎಸೆಯಲ್ಪಟ್ಟು ಬುರುಡೆಯ ತಳದ ಎಲುಬು ಬಿರುಕು ಬಿಡುವುದು ಹಿಂದೆ ಅನೇಕ ಚಾಲಕರ ಸಾವಿಗೆ ಕಾರಣವಾಗಿತ್ತು. ಅಮೆರಿಕದ ಜೀವಯಂತ್ರಶಾಸ್ತ್ರಜ್ಞ ರಾಬರ್ಟ್ ಹಬ್ಬರ್ಡ್ ಮತ್ತು ಚಾಲಕ ಜಿಮ್ ಡೌನಿಂಗ್ 1980ರ ದಶಕದಲ್ಲಿ ರೂಪಿಸಿದ ಹ್ಯಾನ್ಸ್ ಎಂಬ ಹೆಗಲಪಟ್ಟಿ, ಹೆಲ್ಮೆಟ್ಟನ್ನು ಹೆಗಲಿಗೆ ಬಂಧಿಸಿ ಈ ಎಸೆತವನ್ನು ತಡೆಯುತ್ತದೆ. ಆದರೂ ಕತ್ತಿನ ಮೂಳೆಗೆ ಪೆಟ್ಟಾಗಿರುವ ಸಾಧ್ಯತೆ ಉಳಿಯುವುದರಿಂದ, ಬೆಂಕಿಯ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಅವಸರದಿಂದ ಎಳೆಯದೆ, ಉಸಿರು ಆಡುತ್ತಿದೆಯೇ ಎಂದು ನೋಡಿ, ಹೊರಗೆ ಹರಿಯುವ ರಕ್ತವನ್ನು ಒತ್ತಿ ನಿಲ್ಲಿಸಿ, ಒಬ್ಬರು ತಲೆಯನ್ನು ಕದಲದಂತೆ ಹಿಡಿದಿರುವಾಗ ಉಳಿದವರು ದೇಹವನ್ನು ಒಂದೇ ನೇರಕ್ಕೆ ಹಲಗೆಯ ಮೇಲೆ ಜಾರಿಸಬೇಕಾಗುತ್ತದೆ.

ಹೃದಯ ನಿಂತರೆ ಇಷ್ಟು ವ್ಯವಧಾನವೂ ಸಿಗದು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ತಮ್ಮ ಎರಡನೆಯ ಗೋಲು ಹೊಡೆಯುವ ಹೊತ್ತಿನಲ್ಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದು ಅಂದೇ ಮೃತಪಟ್ಟರು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಕುಸಿದ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್‌ಗೆ ಮೈದಾನದಲ್ಲೇ ಎದೆಯೊತ್ತು ನೀಡಿ ಡಿಫಿಬ್ರಿಲೇಟರ್ ಬಳಸಿದ್ದರಿಂದ ಅವರು ಬದುಕಿ ಮತ್ತೆ ಆಟಕ್ಕೆ ಮರಳಿದರು. ಹೃದಯದ ವಿದ್ಯುತ್ ಲಯ ಕೆಟ್ಟು ಅದು ಬರಿದೇ ನಡುಗುತ್ತಿರುವಾಗ ಒಂದು ವಿದ್ಯುದಾಘಾತದಿಂದ ಲಯವನ್ನು ಮರಳಿ ಕೂರಿಸುವ ಈ ಉಪಕರಣ ತಡವಾದಷ್ಟೂ, ಎದೆಯೊತ್ತೂ ಇಲ್ಲದಿದ್ದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ.

ಮಲೆನಾಡಿನಲ್ಲಿ ಈ ಲೆಕ್ಕ ಇನ್ನೂ ಕಠಿಣ. ಹೊರನಾಡಿನಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿ.ಮೀ. ತಿರುವುಗಳ ದಾರಿ, ಮೂಡಿಗೆರೆ ಕಡೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಚಾರ್ಮಾಡಿ ಘಾಟಿ ಇಳಿಯಬೇಕು, ಮಂಜು ಕವಿದ ದಿನ ಹೆಲಿಕಾಪ್ಟರನ್ನೂ ನೆಚ್ಚುವಂತಿಲ್ಲ. ಆದುದರಿಂದ ಇಂಥ ನೆಲದಲ್ಲಿ ರ್‍ಯಾಲಿ ನಡೆಸುವವರು ಆಸ್ಪತ್ರೆಯ ಮೊದಲ ಅರ್ಧವನ್ನೇ ತೋಟದೊಳಕ್ಕೆ ತರಬೇಕಾಗುತ್ತದೆ. ಸ್ಪರ್ಧೆ ಮುಗಿದ ಮೇಲೂ ಆ ಅರ್ಧದ ಅಗತ್ಯ ಇಲ್ಲಿ ಇದ್ದೇ ಇರುತ್ತದೆ. ಕಾಳುಮೆಣಸಿನ ಕೊಯ್ಲಿನಲ್ಲಿ ಏಣಿಯಿಂದ ಬಿದ್ದ ಕಾರ್ಮಿಕನ ಬೆನ್ನುಹುರಿಗೂ ರ್‍ಯಾಲಿ ಚಾಲಕನ ಬೆನ್ನುಹುರಿಗೂ ವ್ಯತ್ಯಾಸವಿಲ್ಲ; ಅವನನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕುವ ಬದಲು, ತೋಟದ ರೈಟರು ಮತ್ತು ಜೀಪಿನ ಚಾಲಕರಿಗೆ ಹಲಗೆಯ ಬಳಕೆ ಹಾಗೂ ಎದೆಯೊತ್ತನ್ನು ಕಲಿಸಿ, 108 ಆಂಬುಲೆನ್ಸ್ ಬರುವವರೆಗೆ ತಲೆ ಕದಲದಂತೆ ಹಿಡಿದಿರಲು ಅವರನ್ನು ತಯಾರು ಮಾಡುವುದು ಪ್ರತಿ ತೋಟಕ್ಕೂ ಸಾಧ್ಯವಿದೆ.