ಘಾಟಿಯ ಬುಡದಲ್ಲೊಂದು ಜೀಪು

ಜನವರಿಯ ಬೆಳಗು. ಸಂಪಾಜೆಯ ಅಡಿಕೆ ಸೋಗೆಗಳಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿದೆ. ರಸ್ತೆಬದಿಯ ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಅದು ಟಪ್ ಟಪ್ ಎಂದು ಬೀಳುವ ಸದ್ದು, ಪಕ್ಕದ ಅಂಗಳದಲ್ಲಿ ಹರವಿದ ಅಡಿಕೆಯ ಒಗರು ವಾಸನೆ, ಅದರೊಳಗೆ ಕಲಸಿಹೋದ ಡೀಸೆಲ್ಲಿನ ಘಾಟು. ಬನ್ನಿ, ಇಲ್ಲಿ ಟೂಲ್ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲೋಣ. ಮೇಸ್ತ್ರಿಯ ಕೈ ಸರಿಯಾಗಿ ಕಾಣುವುದು ಇಲ್ಲಿಂದಲೇ.

ಬಾನೆಟ್ ಎತ್ತಿ ನಿಂತಿರುವುದು ಹಳೆಯ ಮಹೀಂದ್ರಾ ಜೀಪು. ಕಾಫಿ ಚೀಲ, ಗೊಬ್ಬರ, ತೋಟದ ಆಳುಗಳು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಇದು ಹೊರದದ್ದು ಯಾವುದೂ ಇಲ್ಲ. ಒಳಗಿರುವುದು 2,112 ಸಿಸಿಯ ಪ್ಯೂಜೋ ಡೀಸೆಲ್ ಇಂಜಿನ್. ನಿನ್ನೆ ಸಂಜೆ ಮಡಿಕೇರಿಗೆ ಹೊರಟದ್ದು ಕೊಯನಾಡು ದಾಟಿ ಜೋಡುಪಾಲದ ಏರಿನಲ್ಲಿ ಬುಸ್ಸೆಂದು ಹಬೆ ಉಗುಳಿ ನಿಂತಿತಂತೆ. ಯಜಮಾನರು ತೋಡಿನ ನೀರು ಹೊಯ್ದು, ಒಡೆದ ಪೈಪಿಗೆ ಸೈಕಲ್ ಟ್ಯೂಬು ಬಿಗಿದು, ಹೇಗೋ ಕೆಳಗೆ ಇಳಿಸಿಕೊಂಡು ಬಂದಿದ್ದಾರೆ. ರಾತ್ರಿಯಿಡೀ ತಣ್ಣಗಾದ ಮೇಲೆಯೇ ಮೇಸ್ತ್ರಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಇಟ್ಟದ್ದು. ಬಿಸಿಯಿರುವಾಗ ಅದನ್ನು ತಿರುಗಿಸಿದರೆ ಕುದಿನೀರು ಮುಖಕ್ಕೇ ಎರಚುತ್ತದೆ. ಅವರ ಮೊಣಕೈಯ ಹಳೆಯ ಕಲೆ ಅಂಥದ್ದೇ ಒಂದು ಅವಸರದ ದಿನದ್ದು.

"ಮೇಲಿನ ಹೋಸ್ ಒಂದನ್ನು ಹಾಕಿಕೊಟ್ಟರೆ ಸಾಕಲ್ವಾ?" ಯಜಮಾನರು ಕೇಳಿದರು.

"ಎಲ್ಲಾ ಒಂದೇ ವಯಸ್ಸಿನವು ಮಾರಾಯ್ರೆ. ಇವತ್ತು ಇದು ಹೋಯ್ತು, ನಾಳೆ ಅದು. ಕಾಡಿನ ನಡುವೆ ನಿಲ್ಲೋದು ನೀವೇ ಅಲ್ವಾ?"

ಮಾತಿನ ನಡುವೆಯೇ ಅವರ ಹೆಬ್ಬೆರಳು ಕೆಳಗಿನ ಹೋಸಿನ ತುದಿಯನ್ನು, ಕ್ಲಿಪ್ಪಿಗೆ ಒಂದು ಇಂಚು ಈಚೆಗೆ, ಹಿಸುಕಿ ನೋಡುತ್ತಿತ್ತು. ನಡುಭಾಗ ಗಟ್ಟಿ, ತುದಿ ಮಾತ್ರ ಕೊಳೆತ ಬಾಳೆದಿಂಡಿನ ಹಾಗೆ ಮೆತ್ತಗೆ. ನನ್ನ ಬೆರಳನ್ನೂ ಅಲ್ಲಿಗೆ ಒಯ್ದು ಒತ್ತಿಸಿದರು. ಒಳಗೆ ಏನೋ ಬಿರಿಯುವುದು ಚರ್ಮಕ್ಕೇ ತಿಳಿಯಿತು. ಡೀಸೆಲ್ ತೊಟ್ಟಿಕ್ಕಿದ ಒಂದು ಕಡೆ ರಬ್ಬರು ಉಬ್ಬಿಕೊಂಡು ಅಂಟಂಟಾಗಿತ್ತು. ನೀರಿನ ಹೋಸಿನ ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ.

ಹಳೆಯ ಹೋಸನ್ನು ಬಿಡಿಸುವುದೇ ದೊಡ್ಡ ಕೆಲಸ. ವರ್ಷಗಟ್ಟಲೆ ಬೆಂದು ಅದು ಕೊರಳಿಗೆ ಅಂಟಿಹೋಗಿರುತ್ತದೆ. ಹುಡುಗ ಇಕ್ಕಳ ಹಿಡಿದು ತಿರುಚಲು ಹೋದಾಗ ಮೇಸ್ತ್ರಿ ಗದರಿದರು. ರೇಡಿಯೇಟರಿನ ಹಿತ್ತಾಳೆಯ ಕೊರಳು ಬೆಸುಗೆಯ ಮೇಲೆ ನಿಂತಿರುವಂಥದ್ದು, ತಿರುಚಿದರೆ ಕಿತ್ತೇ ಬರುತ್ತದೆ. ಅವರು ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ, ಹಲಸಿನ ತೊಳೆ ಬಿಡಿಸುವಷ್ಟು ನಿಧಾನವಾಗಿ ಸುಲಿದರು. ಕಂದು ನೀರು ಬಳಬಳನೆ ತಗಡಿನ ಡಬ್ಬಿಗೆ ಇಳಿಯಿತು. ಜೊತೆಗೆ ತುಕ್ಕು ಹಿಡಿದ ಸುರುಳಿ ಸ್ಪ್ರಿಂಗೊಂದು ಹೊರಬಂತು. ಪಂಪು ನೀರೆಳೆಯುವ ಭರಕ್ಕೆ ಕೆಳಗಿನ ಹೋಸು ಒಳಕ್ಕೆ ಚಪ್ಪಟೆಯಾಗದಂತೆ ತಡೆಯಲು ಇಟ್ಟ ಸ್ಪ್ರಿಂಗು ಅದು. ಹೊಸ ಹೋಸಿನೊಳಗೂ ಅದು ಇದೆಯೋ ಇಲ್ಲವೋ ಎಂದು ಅವರು ಟಾರ್ಚು ಬಿಟ್ಟು ನೋಡಿಯೇ ಮುಂದುವರಿದರು.

ಸೀಳಿದ ಹೋಸಿನ ಒಳಮೈಯನ್ನು ಬೆಳಕಿಗೆ ಹಿಡಿದರೆ ತುದಿಯ ಬಳಿ ಉದ್ದಕ್ಕೆ ಸಣ್ಣ ಸಣ್ಣ ಬಿರುಕುಗಳು, ಅವುಗಳ ತಳದಲ್ಲಿ ನೆನೆದು ಕಪ್ಪಾದ ನೂಲಿನ ಹೆಣಿಗೆ. ಒಂದು ಕಡೆ ಇಂಜಿನ್ನಿನ ಲೋಹ, ಇನ್ನೊಂದು ಕಡೆ ಹಿತ್ತಾಳೆ, ನಡುವೆ ಲವಣ ಕರಗಿದ ನೀರು, ಸಣ್ಣದೊಂದು ಬ್ಯಾಟರಿಯೇ ಆಯಿತಲ್ಲ! ಆ ವಿದ್ಯುತ್ತು ರಬ್ಬರನ್ನು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗಿನ ಕಪ್ಪು ಹೊಳಪನ್ನು ನೋಡಿ ಇನ್ನೂ ಒಂದು ವರ್ಷ ಬರಲಿ ಎಂದುಕೊಳ್ಳುವವರು ಘಾಟಿಯಲ್ಲಿ ನಿಲ್ಲುವುದು ಇದರಿಂದಲೇ.

ಇಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಈ ನೀರೇ ಹೊತ್ತು ತಂದು ಗಾಳಿಗೆ ಬಿಡಬೇಕು. ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಏರು ಕಡಿದಾದಷ್ಟೂ ಇಂಜಿನ್ನಿಗೆ ಕಾವು ಹೆಚ್ಚು, ನೀರಿಗೆ ತಾಳ್ಮೆ ಕಡಿಮೆ. 7 ಪೌಂಡಿನ ಮುಚ್ಚಳ ಒತ್ತಡ ಹಿಡಿದಿಟ್ಟರೆ ಕುದಿಯುವುದು ಹತ್ತು ಡಿಗ್ರಿಯಷ್ಟು ಮುಂದಕ್ಕೆ ಹೋಗುತ್ತದೆ. ಆ ಒತ್ತಡವನ್ನು ತಾಳಬೇಕಾದದ್ದು ಈ ರಬ್ಬರಿನ ಗೋಡೆ.

ಕೊರಳಿನ ಬಿಳಿ ಹಕ್ಕಳೆಯನ್ನು ಎಮರಿ ಕಾಗದದಿಂದ ಉಜ್ಜುವ ಸದ್ದು ಸುಮಾರು ಹೊತ್ತು ಕೇಳುತ್ತಿತ್ತು. ಹಿತ್ತಾಳೆ ಹೊಳೆದ ಮೇಲೆ ಬೆರಳಿಗೆ ಸೋಪಿನ ನೀರು ಹಚ್ಚಿಕೊಂಡು, ಗ್ರೀಸು ಮುಟ್ಟದೆ, ಹೊಸ ಹೋಸನ್ನು ಏರಿಸಿದರು. ಕ್ಲಿಪ್ಪು ಕೊರಳಿನ ಉಬ್ಬಿನ ಹಿಂದಕ್ಕೆ ಕೂರಬೇಕು. ಉಬ್ಬಿನ ಮೇಲೇ ಕೂತರೆ ಜಾರುತ್ತದೆ, ತೀರಾ ಬಿಗಿದರೆ ರಬ್ಬರನ್ನೇ ಕೊಯ್ಯುತ್ತದೆ. ತಿರುಪು ತಿರುಗಿಸಿದಂತೆ ಬಿಗಿಯುವ ಈ ಪಟ್ಟಿ ಇಂಗ್ಲೆಂಡಿನ ಲಮ್ಲಿ ರಾಬಿನ್ಸನ್ ಎಂಬ ನೌಕಾಪಡೆಯ ನಿವೃತ್ತ ಅಧಿಕಾರಿ 1921ರಲ್ಲಿ ಪೇಟೆಂಟ್ ಪಡೆದದ್ದು. ನೂರು ವರ್ಷ ಕಳೆದರೂ ಅದರ ಬದಲಿಗೆ ಇನ್ನೊಂದು ಬೇಕು ಎಂದು ಈ ಗ್ಯಾರೇಜಿಗೆ ಅನ್ನಿಸಿಲ್ಲ.

ಪಂಪಿನ ಪಕ್ಕದ ಗಿಡ್ಡ ಬೈಪಾಸ್ ಹೋಸಿಗೆ ಕೈ ತೂರುವುದೇ ಕಷ್ಟ. ಹುಡುಗನ ತೆಳ್ಳಗಿನ ಕೈ ಅಲ್ಲಿಗೆ ಒದಗಿತು.

ಅರ್ಧ ಕೂಲಂಟು, ಅರ್ಧ ಬಟ್ಟಿ ಇಳಿಸಿದ ನೀರು. ತೋಡಿನ ನೀರು ಇನ್ನು ಬೇಡವೆಂದು ಯಜಮಾನರಿಂದ ಮಾತು ತೆಗೆದುಕೊಂಡೇ ಮೇಸ್ತ್ರಿ ಹಸಿರು ದ್ರಾವಣವನ್ನು ಸಣ್ಣ ಧಾರೆಯಾಗಿ ಹೊಯ್ದರು. ನಡುನಡುವೆ ಮೇಲಿನ ಹೋಸನ್ನು ಹಸುವಿನ ಕೆಚ್ಚಲು ಹಿಂಡಿದಂತೆ ಮೆಲ್ಲಗೆ ಒತ್ತಿದಾಗಲೆಲ್ಲ ಗುಳುಕ್ ಗುಳುಕ್ ಎಂದು ಗಾಳಿಗುಳ್ಳೆಗಳು ಮೇಲೆ ಬಂದವು. ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡಿದರು. ಜೀಪು ಧಡಧಡ ಎಂದಿತು. ಹತ್ತು ನಿಮಿಷ ಏನೂ ಇಲ್ಲ. ಮೇಸ್ತ್ರಿಯ ಅಂಗೈ ಮೇಲಿನ ಹೋಸಿನ ಮೇಲೆಯೇ ಇತ್ತು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೂತವರ ಹಾಗೆ. ಇದ್ದಕ್ಕಿದ್ದಂತೆ "ಹಾಂ, ಬಿಟ್ಟಿತು" ಎಂದರು. ಥರ್ಮೋಸ್ಟಾಟ್ ತೆರೆದುಕೊಂಡಿತ್ತು, ತಣ್ಣಗಿದ್ದ ಹೋಸು ಒಮ್ಮೆಗೇ ಬಿಸಿಯಾಗಿತ್ತು. ಕೆಳಗಿಳಿದ ಮಟ್ಟಕ್ಕೆ ಇನ್ನೊಂದು ಲೋಟ ಹೊಯ್ದು ಮುಚ್ಚಳ ಬಿಗಿದರು.

"ನಾಳೆ ಇಳಿದು ಬರುವಾಗ ಒಮ್ಮೆ ನಿಲ್ಲಿಸಿ. ಬಿಸಿ ತಾಗಿ ರಬ್ಬರು ಸ್ವಲ್ಪ ಕೂತಿರುತ್ತೆ, ತಣ್ಣಗಾದ ಮೇಲೆ ಕ್ಲಿಪ್ಪಿಗೆ ಇನ್ನರ್ಧ ಸುತ್ತು ಕೊಡ್ಬೇಕು."

ಜೀಪು ತಿರುವಿನಾಚೆ ಮರೆಯಾಯಿತು. ಗ್ಯಾರೇಜಿನ ಕಂದು ನಾಯಿ ಮೂಗು ಚಾಚಿಕೊಂಡು ಡಬ್ಬಿಯ ಬಳಿ ಸುಳಿಯಿತು. ಕೂಲಂಟಿನ ರುಚಿ ಸಿಹಿ, ಆದರೆ ನಾಯಿಗೆ ಅದು ವಿಷ. ಹುಡುಗ ಓಡಿಬಂದು ಡಬ್ಬಿಗೆ ಮುಚ್ಚಳ ಒತ್ತಿ, ಮೇಲೊಂದು ಕಲ್ಲಿಟ್ಟು, ನೆಲಕ್ಕೆ ಚೆಲ್ಲಿದ ಹಸಿರು ಹನಿಗಳ ಮೇಲೆ ಮರದ ಹುಡಿ ಎರಚಿ ಗುಡಿಸತೊಡಗಿದ.